ನಳ ಬಂತು, ಏಳ್ರಿ!

ಶಿಸ್ತು ಬೇಕು, ಶಿಸ್ತು ಬೇಕು ಅಂತ ಊರೆಲ್ಲ ಹಲುಬುತ್ತಿದೆ. ಡೈರಿ ಕೊಂಡಾಯ್ತು. ಬೆಳಗಿನ ಐದಕ್ಕೆ ಅಲಾರಂ ಇಟ್ಟಾಯ್ತು, ಐದೂಕಾಲಿನವರೆಗೆ ಅದರ ಕತ್ತು ಹಿಸುಕಿದ್ದೂ ಆಯ್ತು. ಈಗಿನದು ಹೊಸ ವರಾತ: "ಬದುಕಿಗೊಂದು ಗುರಿ ಸಿಕ್ಕಿಬಿಟ್ಟರೆ ಶಿಸ್ತು ತಾನಾಗಿ ಬರುತ್ತೆ ಕಣ್ರೀ." ಗುರಿ ಹುಡುಕಿಕೊಡುವ ಶಿಬಿರವೂ ಇದೆಯಂತೆ, ಊಟ ಸೇರಿಸಿಯೇ ಶುಲ್ಕವಂತೆ. ಆದರೆ ಬೆಳಗ್ಗೆ ಏಳಕ್ಕೇ ಶುರುವಾದ್ದರಿಂದ ನಮ್ಮ ಸ್ನೇಹಿತರಿಗೆ ಹೋಗಲಾಗಲಿಲ್ಲವಂತೆ!

ಇಂಥವರನ್ನು ಹುಬ್ಬಳ್ಳಿಯಲ್ಲಿ, ದಿನವಿಡೀ ನೀರು ಬರುವ ಭಾಗ್ಯ ಇನ್ನೂ ತಲುಪದ ಯಾವುದಾದರೂ ಓಣಿಯಲ್ಲಿ, ಕೆಲವು ದಿನ ಇಟ್ಟು ನೋಡಬೇಕು. ಅಲ್ಲಿ ನಳ ಬರುವುದು ಎಷ್ಟೋ ದಿನಕ್ಕೊಮ್ಮೆ. ಅದೂ ತನಗೆ ಮನಸ್ಸು ಬಂದ ಹೊತ್ತಿಗೆ. ನಡುರಾತ್ರಿ ಯಾರೋ "ನಳ ಬಂತು, ಏಳ್ರಿ!" ಅಂದರೆ ಸಾಕು. ಏಕಾದಶಿಗೂ ಬೇಗ ಏಳದ ರಾಯರು ಲುಂಗಿ ಬಿಗಿದುಕೊಂಡು ಪೈಪು ಹಿಡಿದಿರುತ್ತಾರೆ. ಹಂಡೆ, ಕೊಡ, ಬಕೆಟ್ಟು, ಬ್ಯಾರಲ್ಲು, ಒಗ್ಗರಣೆ ಸೌಟೊಂದು ಬಿಟ್ಟು ಮನೆಯಲ್ಲಿರುವುದೆಲ್ಲ ತುಂಬುತ್ತದೆ. ಯಾವ ತರಬೇತುದಾರ ಕಲಿಸಿದ ಶಿಸ್ತು ಇದು?

ಕಚೇರಿಗೆ ಹನ್ನೊಂದಕ್ಕೆ ದಯಮಾಡಿಸುವ ಮಹಾನುಭಾವರನ್ನೂ ನೋಡಿ. ತತ್ಕಾಲ್ ಟಿಕೆಟ್ಟು ಬೇಕಾದ ದಿನ, ಹತ್ತಕ್ಕೆ ಇನ್ನೂ ಎರಡು ನಿಮಿಷ ಇರುವಾಗಲೇ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಶಿಸ್ತು ಇಲ್ಲ ಅಂತ ಕೊರಗುವುದೇಕೆ? ಇದೆ ಸ್ವಾಮಿ. ಅದಕ್ಕೆ ರುಚಿಸುವ ಕೆಲಸ ಕೊಟ್ಟಿಲ್ಲ, ಅಷ್ಟೆ.

ನೀರಿನ ಮಾತು ಬಂತಲ್ಲ, ಭೀಮಸೇನ ಜೋಶಿಯವರದೂ ನೀರು ಹೊತ್ತ ಕತೆಯೇ. ಗದಗಿನ ಈ ಹುಡುಗ ಭಜನೆಯ ಹಿಂದೆ ಹೋಗಿ ಎಲ್ಲೆಂದರಲ್ಲಿ ನಿದ್ದೆಹೋಗುತ್ತಿದ್ದ. ಸಿಕ್ಕವರು ಮನೆ ಮುಟ್ಟಿಸಲಿ ಅಂತ ತಂದೆ ಅಂಗಿಯ ಮೇಲೇ 'ಜೋಶಿ ಮಾಸ್ತರರ ಮಗ' ಎಂದು ಬರೆದಿದ್ದರಂತೆ. (ಈಗಿನವರು ಟೀ ಶರ್ಟಿನ ಮೇಲೆ ಜೀವನದ ಧ್ಯೇಯವನ್ನೇ ಅಚ್ಚು ಹಾಕಿಸಿಕೊಳ್ಳುತ್ತಾರೆ, ಇವರನ್ನು ಯಾರು ಎಲ್ಲಿಗೆ ಮುಟ್ಟಿಸಬೇಕೋ!) ಅಬ್ದುಲ್ ಕರೀಂ ಖಾನರ ರೆಕಾರ್ಡು ಕಿವಿಗೆ ಬಿದ್ದದ್ದೇ ತಡ, ಹಾಗೆ ಹಾಡಬೇಕೆಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದರ ಹರೆಯದಲ್ಲಿ ಮನೆ ಬಿಟ್ಟದ್ದಾಯಿತು. ನೆಪಕ್ಕೆ ಒಂದು ಚಮಚ ತುಪ್ಪದ ಜಗಳ. ರೈಲಿನಲ್ಲಿ ಹಾಡುತ್ತಾ ಗ್ವಾಲಿಯರ್ ಸೇರಿ, ಜಲಂಧರ್‌ವರೆಗೂ ಅಲೆದರೆ, ಅಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿದ್ದೇನು? ನಿಮ್ಮೂರ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗು! ಸರಿ, ಕುಂದಗೋಳಕ್ಕೆ ಬಂದು ಗುರುಗಳ ಮನೆಗೆ ಕೊಡಗಟ್ಟಲೆ ನೀರು ಹೊತ್ತು, ಸ್ವರ ತಿದ್ದಿಸಿಕೊಂಡದ್ದು ವರ್ಷಗಟ್ಟಲೆ. ಆ ಹುಡುಗನಿಗೆ ಶಿಸ್ತಿನ ಬಗ್ಗೆ ಯೋಚಿಸಲು ಪುರಸೊತ್ತು ಎಲ್ಲಿತ್ತು?

ಹಾಗಂತ ಎಲ್ಲದರಲ್ಲೂ ಶಿಸ್ತಿನ ಸಿಪಾಯಿ ಅಂದುಕೊಳ್ಳಬೇಡಿ. ಕಾರಿನ ಹುಚ್ಚಿತ್ತು, ಕುಡಿತ ಬಹುಕಾಲ ಕಾಡಿದ್ದೂ ಮುಚ್ಚಿಟ್ಟ ವಿಷಯವಲ್ಲ. ನನಗೆ ಸಮಾಧಾನ ಕೊಡುವುದೇ ಇದು. ಅಷ್ಟು ದೊಡ್ಡವರಿಗೂ ಶಿಸ್ತು ಒಲಿದದ್ದು ಷಡ್ಜದಲ್ಲಿ. ಮಿಕ್ಕ ಕಡೆ ಅವರೂ ನಮ್ಮ ನಿಮ್ಮ ಹಾಗೇ.

ನಿಮ್ಮ ಗುರಿ ಯಾವುದೆಂದು ತಿಳಿಯಬೇಕಾದರೆ ದುಡ್ಡು ಖರ್ಚು ಮಾಡಬೇಡಿ, ಮನೆಯವರನ್ನು ಕೇಳಿ. ನೀವು ಯಾವುದಕ್ಕೆ ಯಾರೂ ಕರೆಯದೆ ಎದ್ದು ಕೂರುತ್ತೀರೆಂದು ಅವರಿಗೆ ಗೊತ್ತು. "ಸಿಡ್ನಿ ಟೆಸ್ಟು ಇದ್ದಾಗ ಮಾತ್ರ" ಅಂತ ಉತ್ತರ ಬಂದರೆ ನನ್ನ ಮೇಲೆ ಸಿಟ್ಟಾಗಬೇಡಿ.