ಕಾರಣ ಕಾಣೆಯಾದರೇನು, ಯುದ್ಧ ಇದೆಯಲ್ಲ!

ಯುದ್ಧಕ್ಕೆ ಕಾರಣ ಬೇಕು ಎಂಬುದು ಸಣ್ಣಪುಟ್ಟ ದೇಶಗಳ ಮೂಢನಂಬಿಕೆ. ಸಾಮ್ರಾಜ್ಯಗಳಲ್ಲಿ ಮೊದಲು ಯುದ್ಧ ನಿಶ್ಚಯವಾಗುತ್ತದೆ. ಕಾರಣವನ್ನು ಕಾರ್ಯದರ್ಶಿಗಳು ಆಮೇಲೆ ಬರೆದು ತರುತ್ತಾರೆ. ಅನುಮಾನವಿದ್ದವರು 1838ರ ಸಿಮ್ಲಾಕ್ಕೆ ಬನ್ನಿ.

ಗವರ್ನರ್ ಜನರಲ್ ಆಕ್ಲೆಂಡ್ ಸಾಹೇಬರು ತಂಗಿಯರ ಸಮೇತ ಬೆಟ್ಟದ ಮೇಲೆ ತಣ್ಣಗಿದ್ದರು. ತಲೆ ಮಾತ್ರ ಬಿಸಿ. ಕಾಬೂಲಿನಲ್ಲಿ ವಿಟ್ಕೆವಿಚ್ ಎಂಬ ರಷ್ಯದ ದೂತ ಕಾಣಿಸಿಕೊಂಡಿದ್ದ. ಪರ್ಷಿಯಾದ ಷಾ ರಷ್ಯದ ಕುಮ್ಮಕ್ಕಿನಿಂದ ಹೆರಾತ್‌ಗೆ ಮುತ್ತಿಗೆ ಹಾಕಿದ್ದ. ರಷ್ಯದ ಗಡಿಗೂ ಈಸ್ಟ್ ಇಂಡಿಯಾ ಕಂಪನಿಯ ಗಡಿಯಾದ ಸಟ್ಲೆಜ್ ನದಿಗೂ ನಡುವೆ ಮಧ್ಯ ಏಷ್ಯಾದ ಖಾನರು, ಇಡೀ ಆಫ್ಘಾನಿಸ್ತಾನ, ರಣಜಿತ್ ಸಿಂಗನ ಪಂಜಾಬು. ಆದರೇನು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಭೂಪಟ ನೋಡುತ್ತಾರೆಯೇ?

ಕಾಬೂಲಿನ ಅಮೀರ ದೋಸ್ತ್ ಮೊಹಮ್ಮದ್‌ಗೆ ಕಂಪನಿಯ ಸ್ನೇಹವೇ ಬೇಕಿತ್ತು. ಅಲ್ಲಿಗೆ ಹೋಗಿದ್ದ ಕಂಪನಿಯ ಪ್ರತಿನಿಧಿ ಅಲೆಕ್ಸಾಂಡರ್ ಬರ್ನ್ಸ್ ಹಾಗೆಂದೇ ಬರೆದ. ಊರು ನೋಡಿ ಬಂದವನ ಮಾತು ಊರು ನೋಡದವರಿಗೆ ರುಚಿಸಲಿಲ್ಲ. ಅವರ ಕೈಯಲ್ಲಿ ಬೇರೊಬ್ಬ ರಾಜ ತಯಾರಿದ್ದ. ಹೆಸರು ಷಾ ಶುಜಾ. ಪಟ್ಟ ಕಳೆದುಕೊಂಡು, ಲೂಧಿಯಾನದಲ್ಲಿ ಕಂಪನಿಯ ಪಿಂಚಣಿ ಉಣ್ಣುತ್ತ ಇಪ್ಪತ್ತು ವರ್ಷ ದಾಟಿತ್ತು. ಯುದ್ಧ ಸಾರಲು ಸಾಹೇಬರು ಅಕ್ಟೋಬರ್ 1ರಂದು ಹೊರಡಿಸಿದ ಸಿಮ್ಲಾ ಘೋಷಣೆಯನ್ನು ನಂಬುವುದಾದರೆ ಆಫ್ಘನ್ನರು ಈತನಿಗಾಗಿ ಹಂಬಲಿಸುತ್ತಿದ್ದರು. ಅಂಥ ಜನಪ್ರಿಯ ದೊರೆಯನ್ನು ಊರು ಮುಟ್ಟಿಸಲು ಬಂಗಾಳದಿಂದೊಂದು, ಮುಂಬಯಿಯಿಂದೊಂದು ಸೈನ್ಯ ಬೇಕಾಯಿತು.

ತಮಾಷೆ ಅಂದರೆ, ಘೋಷಣೆ ಹೊರಬೀಳುವ ಮೂರು ವಾರ ಮುಂಚೆಯೇ ಪರ್ಷಿಯಾದ ಷಾ ಮುತ್ತಿಗೆ ಕಿತ್ತು ವಾಪಸ್ ಹೊರಟಿದ್ದ. ಸುದ್ದಿ ತಡವಾಗಿ ಬಂತು. ಸಾಹೇಬರು ನವೆಂಬರ್ 8ರಂದು ಅದನ್ನೂ ಗಂಭೀರವಾಗಿ ಪ್ರಕಟಿಸಿ, ದಂಡಯಾತ್ರೆ ಮಾತ್ರ ನಿಲ್ಲುವುದಿಲ್ಲ ಎಂದರು. ಒಂಟೆಗಳನ್ನು ಗೊತ್ತು ಮಾಡಿ ಆಗಿತ್ತಲ್ಲ!

ಆ ಒಂಟೆಗಳ ಬಗ್ಗೆ ಹೇಳಲೇಬೇಕು. ಒಬ್ಬ ಬ್ರಿಗೇಡಿಯರ್ ಸಾಹೇಬರ ಸಾಮಾನಿಗೇ 60 ಒಂಟೆ ಬೇಕಾದವಂತೆ. ಒಂದು ರೆಜಿಮೆಂಟಿನ ಸಿಗಾರ್ ಹೊರಲು ಎರಡು. ಲ್ಯಾನ್ಸರ್ ಅಧಿಕಾರಿಗಳು ನರಿ ಬೇಟೆಯ ನಾಯಿಗಳನ್ನೂ ಹೊಡೆದುಕೊಂಡು ಹೋದರು. ಹಿಂದೆ ಸುಮಾರು 38,000 ಆಳುಕಾಳು. ಬೋಲಾನ್ ಕಣಿವೆ ದಾಟುವಷ್ಟರಲ್ಲಿ ಒಂಟೆಗಳು ಸಾಲುಸಾಲಾಗಿ ಸತ್ತವು, ಸಿಪಾಯಿಗೆ ಅರ್ಧ ಪಡಿ. ಸಿಗಾರಿಗೂ ಅರ್ಧ ಪಡಿ ಆಯಿತೋ ಇಲ್ಲವೋ, ನಾನು ಎಲ್ಲೂ ಓದಿಲ್ಲ.

1839ರ ಆಗಸ್ಟ್‌ನಲ್ಲಿ ಶುಜಾ ಗದ್ದುಗೆ ಏರಿದ. ಆಕ್ಲೆಂಡ್‌ಗೆ ಅರ್ಲ್ ಪದವಿ ಬಂತು. ಅದೇ ವರ್ಷ ಪಾರ್ಲಿಮೆಂಟಿನ ಮುಂದೆ ಬರ್ನ್ಸ್‌ನ ಪತ್ರಗಳನ್ನು ಇಟ್ಟರು, ದೋಸ್ತ್ ಮೊಹಮ್ಮದ್ ಪರವಾಗಿದ್ದ ಸಾಲುಗಳಿಗೆ ಕತ್ತರಿ ಹಾಕಿ. ಪೂರ್ತಿ ಪತ್ರಗಳು ಹೊರಬಂದದ್ದು 1859ರಲ್ಲಿ. ಅಷ್ಟರಲ್ಲಿ ಬರ್ನ್ಸ್ ಕಾಬೂಲಿನ ಗುಂಪಿನ ಕೈಗೆ ಸಿಕ್ಕಿ ಸತ್ತು 18 ವರ್ಷವಾಗಿತ್ತು.

ಮುಂದಿನದು ಎಲ್ಲರಿಗೂ ಗೊತ್ತು. 1842ರ ಜನವರಿಯ ಹಿಮದಲ್ಲಿ ಕಾಬೂಲಿನಿಂದ ಹಿಮ್ಮೆಟ್ಟಿ ಹೊರಟ ಕಂಪನಿಯ ಕಡೆಯವರು ಸುಮಾರು 16,000. ಅವರಲ್ಲಿ ಹೆಚ್ಚಿನವರು ಸಿಪಾಯಿಗಳು, ಅಡಿಗೆಯವರು, ಹೆಂಗಸರು, ಮಕ್ಕಳು. ಬಹುತೇಕರು ಗುರಿ ಮುಟ್ಟಲಿಲ್ಲ. ಚಿತ್ರಪಟಗಳಲ್ಲಿ ಜಾಗ ಸಿಕ್ಕಿದ್ದು ಜಲಾಲಾಬಾದ್ ಮುಟ್ಟಿದ ಡಾಕ್ಟರ್ ಬ್ರೈಡನ್ ಒಬ್ಬರಿಗೇ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಹೊಸ ಗವರ್ನರ್ ಜನರಲ್ ಎಲೆನ್‌ಬರೋ ಅದನ್ನೂ ಮೀರಿಸಿದರು. ಸೇಡಿನ ಸೈನ್ಯದ ಕೈಲಿ ಘಜ್ನಿಯಿಂದ ಬಾಗಿಲನ್ನೇ ಕೀಳಿಸಿ ತಂದರು. ಸೋಮನಾಥದ ಬಾಗಿಲು, 800 ವರ್ಷಗಳ ಅವಮಾನ ತೀರಿತು ಎಂದು ಸಾರಿದರು. ಪರೀಕ್ಷಿಸಿದರೆ ದೇವದಾರು ಮರ, ಘಜ್ನಿಯದೇ ಕೆತ್ತನೆ. ಸೋಮನಾಥಕ್ಕೆ ಹೋಗಲಾರದೆ ಅದು ಆಗ್ರಾ ಕೋಟೆಯಲ್ಲೇ ಉಳಿಯಿತು. ತಾಜಮಹಲ್ ನೋಡಲು ಹೋದವರು ಅದನ್ನೂ ನೋಡಿ ಬನ್ನಿ. ಅದಕ್ಕೆ ದುಡ್ಡು ಕೊಟ್ಟದ್ದು ನಮ್ಮ ಹಿರಿಯರೇ. ಯುದ್ಧದ ಖರ್ಚು ಬಿದ್ದದ್ದು ಹಿಂದೂಸ್ತಾನದ ಖಜಾನೆಯ ಮೇಲೆ.

1843ರಲ್ಲಿ ದೋಸ್ತ್ ಮೊಹಮ್ಮದ್ ಮರಳಿ ಬಂದು ಅದೇ ಗದ್ದುಗೆಯ ಮೇಲೆ ಕುಳಿತ. 1878ರಲ್ಲಿ ರಷ್ಯದ ಇನ್ನೊಬ್ಬ ದೂತ, ಸ್ತೊಲೆತೊವ್, ಕಾಬೂಲಿಗೆ ಬಂದು ಆಗಸ್ಟ್‌ನಲ್ಲೇ ಹೊರಟುಹೋದ. ವೈಸರಾಯ್ ಲಿಟ್ಟನ್ನರ ಸೈನ್ಯ ನವೆಂಬರಿನಲ್ಲಿ ಗಡಿ ದಾಟಿತು.