ಬಾಣಂತನದ ಬೀಗಿತ್ತಿ

ಅಧಿಕಾರವನ್ನು ಕೆಲವರು ಚುನಾವಣೆಯಿಂದ ಸಂಪಾದಿಸುತ್ತಾರೆ, ಕೆಲವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೆಲವರು ತಂದೆಯ ಪುಣ್ಯದಿಂದ. ಆದರೆ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂಬ ಗಂಡನ ಆಕ್ಷೇಪಣೆಯನ್ನು ಸಹ ವರ್ಷಾನುಗಟ್ಟಲೆ ತಲೆಬಾಗಿ ಕೇಳಿಕೊಂಡಿದ್ದ ಹೆಂಗಸೊಬ್ಬರು, ಮಗಳಿಗೆ ಏಳು ತಿಂಗಳು ತುಂಬಿತೆಂಬ ಒಂದೇ ಸಮಾಚಾರದಿಂದ ಸೇನಾಧಿಪತಿಯ ಗಾಂಭೀರ್ಯವನ್ನು ತಾಳಿ, ವೈದ್ಯರು, ಅಳಿಯ, ಬೀಗರು, ಹವಾಮಾನ ಇವರಲ್ಲಿ ಯಾರ ಅಪ್ಪಣೆಯನ್ನೂ ಅಪೇಕ್ಷಿಸದೆ ಮೂರು ತಿಂಗಳ ಪರ್ಯಂತ ಒಂದು ಸಂಸಾರವನ್ನು ಏಕಚ್ಛತ್ರವಾಗಿ ಆಳುವ ಅದ್ಭುತವನ್ನು ನಮ್ಮಲ್ಲಿ ಬಾಣಂತನವೊಂದೇ ಸಾಧ್ಯಗೊಳಿಸಿದೆ. ಹಿಂದೆ ಈ ಸಾಮ್ರಾಜ್ಯದ ಎಲ್ಲೆ ತವರುಮನೆಯ ಕತ್ತಲೆ ಕೋಣೆಯಿಂದ ಬಚ್ಚಲಮನೆಯ ಹಂಡೆಯವರೆಗೆ ಇದ್ದಿತು. ಈಗ ಹೆಣ್ಣುಮಕ್ಕಳು ಡಲ್ಲಸ್ಸಿನಲ್ಲಿಯೂ ಸಿಯಾಟಲ್ಲಿನಲ್ಲಿಯೂ ಹೆರತೊಡಗಿರುವುದರಿಂದ ಅದು ಸಪ್ತಸಾಗರಗಳನ್ನೂ ದಾಟಿದೆ. ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ನಡುರಾತ್ರಿಯ ಹೊತ್ತು ಸೀರೆಯ ಮೇಲೆ ಸ್ವೆಟರನ್ನೂ ಕಾಲಿಗೆ ಬಿಳಿಯ ಬೂಟನ್ನೂ ಧರಿಸಿ, ನಡೆಯುವುದಕ್ಕೆ ಯಾವ ಬಾಧೆಯೂ ಇಲ್ಲದಿದ್ದರೂ ಮಗಳ ಸಲಹೆಯಂತೆ ಗಾಲಿಕುರ್ಚಿಯಲ್ಲಿ ಆಸೀನರಾಗಿ, ತಲಾ 23 ಕಿಲೋಗ್ರಾಮಿನ ಎರಡು ಪೆಟ್ಟಿಗೆಗಳ ಮೇಲೆ ಕಣ್ಣಿಟ್ಟು ಕುಳಿತಿರುವ ಮಾತೆಯರನ್ನು ವಾಚಕರು ನೋಡಿಯೇ ಇರುತ್ತಾರೆ. ಆ ಪೆಟ್ಟಿಗೆಗಳಲ್ಲಿ ಅವರ ಬಟ್ಟೆಗೆ ದೊರೆತಿರುವುದು ಒಂದು ಮೂಲೆ ಮಾತ್ರ. ಉಳಿದುದೆಲ್ಲ ಶುಂಠಿ, ಹಿಪ್ಪಲಿ, ಅಂಟು, ಅಳವಿ, ಉತ್ತುತ್ತೆ, ಕೊಬ್ಬರಿ, ಬಜೆ, ಜಾಯಿಕಾಯಿ, ಸಾಂಬ್ರಾಣಿ ಮತ್ತು ಹಳೆಯ ಪಂಚೆಯನ್ನು ಹರಿದು ಮಡಿಸಿದ ಮೆತ್ತನೆಯ ಬಟ್ಟೆ.

ನಮ್ಮ ಬೀಗಿತ್ತಿಯವರು ಈ ವರ್ಗದ ಶಿರೋಮಣಿ. ಬೀಗರನ್ನು ಕುರಿತು ಬರೆಯುವಾಗ ಲೇಖನಿಗೆ ಕಡಿವಾಣವಿರಬೇಕೆಂಬುದನ್ನು ಬಲ್ಲೆನಾದರೂ, ಟೆಕ್ಸಸ್ ಪ್ರಾಂತದಲ್ಲಿ ಅವರು ನಡೆಸಿದ ಎರಡು ಬಾಣಂತನಗಳ ಪೈಕಿ ಒಂದಕ್ಕಾದರೂ ನಾನು ಪ್ರತ್ಯಕ್ಷ ಸಾಕ್ಷಿಯಾಗಿರುವುದರಿಂದ ಸುಮ್ಮನಿರುವುದು ಧರ್ಮವಲ್ಲ. ಮೊದಲನೆಯದು ನನ್ನ ಸೊಸೆಯದು. ಅದಕ್ಕೆ ಗಂಡಸರ ಪ್ರವೇಶವಿರಲಿಲ್ಲ. ಎರಡನೆಯದು ಪಕ್ಕದ ಮನೆಯ ಕುದುರೆಯದು.

ಮಗನ ಮನೆ ಡಲ್ಲಸ್ ನಗರದ ಉತ್ತರಕ್ಕೆ, ಊರು ಮುಗಿದು ಹುಲ್ಲುಗಾವಲು ಮೊದಲಾಗುವೆಡೆಯಲ್ಲಿದೆ. ಬೇಲಿಯಾಚೆ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಗಿಡ್ಡ ತಳಿಯ ಕುದುರೆಗಳನ್ನು ಸಾಕಿಕೊಂಡಿದ್ದಾರೆ. ಇವು ಗಿಡ್ಡವೆಂದರೆ ಬೆಳವಣಿಗೆ ಕುಂಠಿತವಾದುವಲ್ಲ. ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ, ಅಂಗಾಂಗ ಪ್ರಮಾಣಬದ್ಧವಾದ ಅಸಲಿ ಕುದುರೆಗಳು. ಅಮೆರಿಕದಲ್ಲಿ 1978ರಲ್ಲಿ ಸ್ಥಾಪಿತವಾದ ಇವುಗಳ ಸಂಘದ ನಿಯಮದಂತೆ, ಕೇಸರದ ಕೊನೆಯ ಕೂದಲಿನ ಬುಡದಲ್ಲಿ ಅಳೆದಾಗ ಎತ್ತರ 34 ಅಂಗುಲವನ್ನು ಮೀರತಕ್ಕುದಲ್ಲ. ಬೀಗಿತ್ತಿಯವರು ಮೊದಲ ಬಾರಿಗೆ ಬೇಲಿಯ ಬಳಿ ಹೋದಾಗ ಅವರ ದೃಷ್ಟಿ ಎತ್ತರದ ಮೇಲೆ ಬೀಳಲಿಲ್ಲ. ಡೈಸಿ ಎಂಬ ಕಂದುಬಣ್ಣದ ಹೆಣ್ಣುಕುದುರೆಯ ಹೊಟ್ಟೆಯ ಮೇಲೆ ಬಿದ್ದಿತು.

"ಬೀಗರೇ, ಇವಳಿಗೆ ಎಷ್ಟು ತಿಂಗಳು ಅಂತ ಕೇಳಿ."

ನಾನು ಕೇಳಿ, ಈ ಜಾತಿ ಹೆಚ್ಚುಕಡಿಮೆ ಹನ್ನೊಂದು ತಿಂಗಳು ಹೊರುವುದೆಂದೂ ಡೈಸಿಗೆ ಹತ್ತು ದಾಟಿದೆಯೆಂದೂ ಭಾಷಾಂತರಿಸಿದೆ. "ಹನ್ನೊಂದೇ!" ಎಂದು ಅವರು ಆ ಕುದುರೆಯನ್ನು ನೋಡಿದ ನೋಟದಲ್ಲಿದ್ದ ಮರುಕವನ್ನು, ಮೂರು ಕಿಮೋಥೆರಪಿ ಮುಗಿಸಿ ಬಂದ ನನ್ನ ಮೇಲೆ ಅವರು ಎಂದೂ ವ್ಯಯಮಾಡಿದ್ದಿಲ್ಲ. ಅಂದಿನಿಂದ ಅದು ಡೈಸಿಯಾಗಿ ಉಳಿಯದೆ ಡೈಸಮ್ಮನಾಯಿತು, ಒಡತಿ ಟೀಚರಮ್ಮನಾದರು. ಕೆಲವು ಬಗೆಯ ಹುಲ್ಲಿನಲ್ಲಿ ಒಳಗೊಳಗೆ ಬೆಳೆಯುವ ಶಿಲೀಂಧ್ರವೊಂದು ಗರ್ಭಿಣಿ ಕುದುರೆಯ ಹಾಲನ್ನೇ ಬತ್ತಿಸಿಬಿಡುವುದರಿಂದ, ಟೀಚರಮ್ಮನವರು ಡೈಸಮ್ಮನನ್ನು ಅಂಥ ಫೆಸ್ಕ್ಯೂ ಹುಲ್ಲಿನ ಮೈದಾನದಿಂದ ಮೂರು ತಿಂಗಳ ಮುಂಚೆಯೇ ಬೇರೆಡೆಗೆ ಕಟ್ಟಿದ್ದರೆಂಬುದನ್ನು ಕೇಳಿದೊಡನೆ ಬೀಗಿತ್ತಿಯವರ ಮುಖ ಬೆಳಗಿತು. "ಪಥ್ಯ!" ಎಂದರು, ನನ್ನ ಸೊಸೆಯ ಕಡೆಗೆ ತಿರುಗಿ. "ಕುದುರೆ ಮಾಡುತ್ತದೆ. ನಿನಗೆ ಮಾತ್ರ ಐಸ್‌ಕ್ರೀಮು ಬೇಕು."

ಸೊಸೆ ಯಂತ್ರಶಾಸ್ತ್ರದಲ್ಲಿ ಉಚ್ಚಪದವಿ ಪಡೆದವಳು, ಕಚೇರಿಯಲ್ಲಿ ಹಲವರನ್ನು ಆಳುವವಳು. ಮಗು ಹುಟ್ಟಿದ ಮೇಲೆ ಅವಳ ತಲೆಗೆ ಬಿಗಿದ ಬಟ್ಟೆ, ಕಿವಿಗೆ ಹತ್ತಿ, ಕಾಲಿಗೆ ಉಣ್ಣೆಯ ಚೀಲ. ಕುಡಿಯುವುದಕ್ಕೆ ಅಳೆದು ಕೊಟ್ಟ ಕಾದಾರಿದ ನೀರು. ಊಟಕ್ಕೆ ತುಪ್ಪದಲ್ಲಿ ಮುಳುಗಿದ ಮೆಣಸಿನ ಸಾರು. ಪಂಖವನ್ನು ತಿರುಗಿಸುವ ಗುಂಡಿಯ ಮೇಲೆ ಬೀಗಿತ್ತಿಯವರು ಅಂಟುಪಟ್ಟಿಯನ್ನೇ ಹಚ್ಚಿಬಿಟ್ಟಿದ್ದರು. ಹಸಿಮೈಗೆ ಗಾಳಿ ತಾಕಿದರೆ ನಲವತ್ತು ವರ್ಷದ ಮೇಲೆ ಮಂಡಿನೋವಾಗಿ ಹೊರಬೀಳುವುದೆಂಬ ಅವರ ಸಿದ್ಧಾಂತವನ್ನು ಖಂಡಿಸುವುದಕ್ಕೆ ನಲವತ್ತು ವರ್ಷ ಕಾಯಬೇಕಾಗುವುದರಿಂದ ಅದು ವಾದದಲ್ಲಿ ಅಜೇಯವಾಗಿದ್ದಿತು.

ಕುದುರೆಗಳು ಬಹುತೇಕ ರಾತ್ರಿಯಲ್ಲಿಯೇ ಈಯುತ್ತವೆ. ಕಾಡಿನಲ್ಲಿ ಹಗಲು ಹೆತ್ತರೆ ಹುಲಿ ಕರಡಿಗಳ ಕಣ್ಣಿಗೆ ಬೀಳುವ ಭಯವನ್ನು ಮನೆಯ ಕುದುರೆಯೂ ಮರೆತಿಲ್ಲವೆಂದು ಬಲ್ಲವರು ಹೇಳುತ್ತಾರೆ. ಟೀಚರಮ್ಮನವರು ಲಾಯದಲ್ಲಿ ಕ್ಯಾಮೆರಾ ಇಟ್ಟು, ಮೊಲೆತೊಟ್ಟಿನ ತುದಿಯಲ್ಲಿ ಮೇಣದಂತೆ ಹೆಪ್ಪುಗಟ್ಟಿದ ಹನಿಗಳು ಕಾಣಿಸಿಕೊಂಡಂದಿನಿಂದ ಹಾಸಿಗೆಯಲ್ಲಿ ಮಲಗಿ ಫೋನಿನ ಪರದೆಯನ್ನು ನೋಡುತ್ತ ಕಾಲ ಕಳೆಯುತ್ತಿದ್ದರು. ನಮ್ಮ ಮನೆಯಲ್ಲಿ ಕ್ಯಾಮೆರಾದ ಅಗತ್ಯವಿರಲಿಲ್ಲ. ಮೊಮ್ಮಗ ಅಳುವ ಅಪರಾತ್ರಿಯಲ್ಲಿ ಅವನನ್ನು ಹೆಗಲಮೇಲೆ ಹಾಕಿಕೊಂಡು ಶತಪಥ ತುಳಿಯುತ್ತಿದ್ದ ಬೀಗಿತ್ತಿಯವರಿಗೆ ಲಾಯದ ದೀಪ ಹೊತ್ತಿದ್ದು ಕಿಟಕಿಯಿಂದ ಕಂಡಿತು. ಮಗುವನ್ನು ಅಳಿಯನ ತೋಳಿಗೆ ವರ್ಗಮಾಡಿ, ನನ್ನನ್ನು ಎಬ್ಬಿಸಿ, "ಬನ್ನಿ, ಮಾತಾಡುವುದಕ್ಕೆ ಬೇಕಾದೀರಿ" ಎಂದು ಹೊರಟೇಬಿಟ್ಟರು.

ಗಿಡ್ಡಕುದುರೆಯ ಹೆರಿಗೆ ದೊಡ್ಡಕುದುರೆಯದಕ್ಕಿಂತ ಅಪಾಯಕರ. ದೇಹ ಕಿರಿದಾದಷ್ಟು ಮರಿಯ ತಲೆ ಕಿರಿದಾಗದಿರುವುದೇ ಇದಕ್ಕೆ ಕಾರಣ. ಮುಂಗಾಲುಗಳೆರಡು ಒಂದರ ಹಿಂದೊಂದಾಗಿ, ಅವುಗಳ ಮೇಲೆ ಮೂಗನ್ನಿಟ್ಟುಕೊಂಡು ಮರಿ ಬರಬೇಕು. ಬೆಳ್ಳಗಿನ ಪೊರೆ ಮೊದಲು ಕಾಣಬೇಕು. ಅದಕ್ಕೆ ಬದಲಾಗಿ ಮಖಮಲ್ಲಿನಂಥ ಕೆಂಪು ಚೀಲ ಕಂಡಿತೋ, ಮಾಸು ಅಕಾಲದಲ್ಲಿ ಕಳಚಿಕೊಂಡಿತೆಂದೂ ಮರಿಗೆ ಉಸಿರಿಲ್ಲವೆಂದೂ ತಿಳಿದು, ವೈದ್ಯರಿಗಾಗಿ ಕಾಯದೆ ಆ ಕ್ಷಣವೇ ಅದನ್ನು ಸೀಳಬೇಕು. ಟೀಚರಮ್ಮನವರು ಇದನ್ನೆಲ್ಲ ಪಿಸುದನಿಯಲ್ಲಿ ಹೇಳುತ್ತಿದ್ದರು, ನಾನು ಕನ್ನಡಿಸುತ್ತಿದ್ದೆ. ಅಷ್ಟರಲ್ಲಿ ಬೀಗಿತ್ತಿಯವರು, "ನೀವು ಸ್ವಲ್ಪ ಸುಮ್ಮನಿರಿ, ಬೆಳ್ಳಗೇ ಇದೆ" ಎಂದರು. ಅಲ್ಲಿಗೆ ನನ್ನ ದುಭಾಷಿತನ ಮುಗಿಯಿತು. ಮುಂದಿನ ಇಪ್ಪತ್ತು ನಿಮಿಷ ಆ ಇಬ್ಬರು ಮುದುಕಿಯರು, ಒಬ್ಬರು ಟೆಕ್ಸಸ್ಸಿನ ಇಂಗ್ಲಿಷಿನಲ್ಲಿಯೂ ಇನ್ನೊಬ್ಬರು ತುಮಕೂರಿನ ಕನ್ನಡದಲ್ಲಿಯೂ ಪರಸ್ಪರ ಸಂಭಾಷಿಸಿದುದರಲ್ಲಿ ಒಂದು ಅಕ್ಷರವಾದರೂ ವ್ಯರ್ಥವಾದಂತೆ ಕಾಣಲಿಲ್ಲ.

ಮರಿ ಹೆಣ್ಣು. ನಿಂತರೆ 18 ಅಂಗುಲವಿದ್ದೀತು. ತಾಯಿಯ ಗರ್ಭಕ್ಕೆ ಗಾಯವಾಗದಿರಲೆಂದು ಅದರ ಗೊರಸಿನ ಅಡಿಯಲ್ಲಿ ಪ್ರಕೃತಿ ಇಟ್ಟಿರುವ, ಕೆಲವೇ ಗಂಟೆಗಳಲ್ಲಿ ಸವೆದುಹೋಗುವ ಮೆತ್ತನೆಯ ಕುಚ್ಚುಗಳನ್ನು ಕಂಡು ಬೀಗಿತ್ತಿಯವರು ಕೈಮುಗಿದರು. ಹೊಕ್ಕುಳಬಳ್ಳಿಯನ್ನು ಕತ್ತರಿಸಬಾರದು, ಅದು ತಾನಾಗಿ ಹರಿಯಬೇಕು. ಬಳಿಕ ಔಷಧದ ನೀರಿನಲ್ಲಿ ಅದ್ದಬೇಕು. ಇಲ್ಲಿಂದ ಮುಂದಕ್ಕೆ ಕುದುರೆಯವರ ಗಡಿಯಾರ ಮೊದಲಾಗುತ್ತದೆ: ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಗೆ ಮಾಸು ಬೀಳಬೇಕು. ಮರಿ ಎದ್ದು, ಬಿದ್ದು, ಮತ್ತೆ ಎದ್ದು, ಕೆಚ್ಚಲನ್ನು ತಾಯಿಯ ಮುಂಗಾಲಿನಲ್ಲಿ ಹುಡುಕಿತು, ಗೋಡೆಯಲ್ಲಿ ಹುಡುಕಿತು, ಕೊನೆಗೆ ನನ್ನ ಕೋಟಿನ ಜೇಬಿನಲ್ಲಿ ಬಹಳ ಶ್ರದ್ಧೆಯಿಂದ ಹುಡುಕಿತು. ಮನುಷ್ಯರ ಮಗುವಿಗೆ ತಾಯಿಯ ರಕ್ತದಿಂದಲೇ ರೋಗನಿರೋಧಕ ಶಕ್ತಿ ಸ್ವಲ್ಪಮಟ್ಟಿಗೆ ಬಂದಿರುತ್ತದೆ. ಕುದುರೆಮರಿಗೆ ಆ ಭಾಗ್ಯವಿಲ್ಲ, ಎಲ್ಲವೂ ಗಿಣ್ಣುಹಾಲಿನಿಂದಲೇ ಬರತಕ್ಕದ್ದು, ಅದೂ ಸುಮಾರು ಒಂದು ದಿನದೊಳಗೆ. ಆಮೇಲೆ ಕರುಳಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಆದಕಾರಣ ಗಿಣ್ಣುಪ್ರಿಯರಾದ ನಮ್ಮವರು ಇಲ್ಲಿ ಪಾತ್ರೆ ಹಿಡಿದು ನಿಲ್ಲುವಂತಿಲ್ಲ. ಮಾಸು ಬಿದ್ದಾಗ ಟೀಚರಮ್ಮನವರು ಅದನ್ನು ನೆಲದ ಮೇಲೆ ಹರಡಿ, ತುಣುಕೇನಾದರೂ ಒಳಗೆ ಉಳಿದರೆ ತಾಯಿಗೆ ನಂಜೇರಿ ಗೊರಸುಗಳೇ ಕೆಟ್ಟಾವೆಂದು ಅಂಚಂಚನ್ನೂ ಪರೀಕ್ಷಿಸಿದರು. ಬೀಗಿತ್ತಿಯವರು ದೀಪ ಹಿಡಿದರು. ನಾನು ಹೊರಗೆ ಬಂದು ನಕ್ಷತ್ರಗಳನ್ನು ನೋಡಿದೆ.

ಬೆಳಗಾದ ಮೇಲೆ ಸಂಗ್ರಾಮ ಆರಂಭವಾಯಿತು. ಬೀಗಿತ್ತಿಯವರು ಸಾಂಬ್ರಾಣಿಯ ಕೆಂಡವನ್ನು ಹಿಡಿದುಕೊಂಡು, ಒಣಹುಲ್ಲನ್ನು ಮೊಣಕಾಲೆತ್ತರ ಹಾಸಿದ್ದ ಲಾಯವನ್ನು ಪ್ರವೇಶಿಸುತ್ತಿದ್ದುದನ್ನು ಕಂಡ ಟೀಚರಮ್ಮನವರು, ವಯಸ್ಸಿಗೆ ಮೀರಿದ ವೇಗದಿಂದ ಓಡಿಬಂದು ನೀರಿನ ಬಕೀಟನ್ನು ಅದರ ಮೇಲೆ ಕವುಚಿದರು. ಮರಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಪ್ರಸ್ತಾಪವೂ ತಿರಸ್ಕೃತವಾಯಿತು. ತಾಯಿ ಮರಿಯನ್ನು ಗುರುತಿಸುವುದು ವಾಸನೆಯಿಂದ, ಹರಳೆಣ್ಣೆಯ ವಾಸನೆ ಬಂದರೆ ಇದು ಯಾರದೋ ಎಂದುಕೊಂಡೀತು. ಅಂಟಿನ ಉಂಡೆಯ ವಿಷಯದಲ್ಲಂತೂ ಕುದುರೆಯ ಡಾಕ್ಟರೇ ಮಧ್ಯೆ ಬರಬೇಕಾಯಿತು. ಮರಿಯ ರಕ್ತದಲ್ಲಿ ರಕ್ಷಕ ಅಂಶವು 100 ಮಿಲಿಲೀಟರಿಗೆ 800 ಮಿಲಿಗ್ರಾಮಿಗಿಂತ ಮೇಲಿದೆಯೆಂಬ ಶುಭವಾರ್ತೆಯನ್ನು ತಂದ ಆ ತರುಣ, ಗಿಡ್ಡಕುದುರೆಗೆ ಬೆಲ್ಲ ಹೆಚ್ಚಾದರೆ ಗೊರಸಿಗೆ ಉರಿ, ಉಪವಾಸವಾದರೆ ಕೊಬ್ಬೆಲ್ಲ ರಕ್ತಕ್ಕೆ ಹರಿದು ಯಕೃತ್ತಿಗೆ ಕುತ್ತೆಂದೂ, ಹಾಲೂಡಿಸುವ ಈ ತಾಯಿ ಒಂದು ಹೊತ್ತಿನ ಮೇವನ್ನು ಬಿಟ್ಟರೂ ತನಗೆ ಕರೆ ಕಳುಹಿಸಬೇಕೆಂದೂ ವಿವರಿಸಿದ. ಬೀಗಿತ್ತಿಯವರು ಸೋತವರಂತೆ ಕಾಣಲಿಲ್ಲ. "ಅವರ ಮನೆತನಕ್ಕೆ ಬೆಲ್ಲ ಬಾರದು" ಎಂದು ಉಂಡೆಗಳನ್ನು ಡಬ್ಬಿಗೆ ತುಂಬಿ ಮಗಳ ಪಾಲಿಗೆ ಸೇರಿಸಿದರು. ಇಷ್ಟಾದರೂ ಅವರ ಲೆಕ್ಕದಲ್ಲಿ ಜಯಗಳೇ ಹೆಚ್ಚು: ಹೆತ್ತ ಡೈಸಮ್ಮನಿಗೆ ಟೀಚರಮ್ಮನವರು ಮೊದಲು ಕೊಟ್ಟುದು ಬೆಚ್ಚನೆಯ ನೀರು ಮತ್ತು ಬೆಚ್ಚಗೆ ಕಲಸಿದ ಗೋಧಿತೌಡು. ಮೇಲಾಗಿ, ಡಾಕ್ಟರರ ಅಪ್ಪಣೆ ಪಡೆದು ಒಂದು ಚಿಟಿಕೆ ಮೆಂತ್ಯವನ್ನು ತೌಡಿನ ಮೇಲೆ ಉದುರಿಸಿದಾಗ, ಮೆಂತ್ಯದ ಪರಿಮಳಕ್ಕೆ ಕುದುರೆಯ ಜಾತಿಯೇ ಮರುಳಾಗುವುದರಿಂದ, ಡೈಸಮ್ಮ ಬೋಗುಣಿಯನ್ನು ತಳ ಕಾಣುವವರೆಗೆ ನೆಕ್ಕಿದಳು.

ಈ ಕಾಲದಲ್ಲಿ ನನ್ನ ಸೊಸೆಯ ಆರೋಗ್ಯ ಆಶ್ಚರ್ಯಕರವಾಗಿ ಸುಧಾರಿಸಿತು. ತಾಯಿ ಲಾಯದಲ್ಲಿರುವ ಹೊತ್ತಿಗೆ ಪಂಖ ತಿರುಗುತ್ತಿದ್ದಿತು. ತಣ್ಣೀರಿನ ಲೋಟಗಳು ಒಲೆಯ ಹಿಂದೆ ಒಣಗುತ್ತಿದ್ದುವು. "ಅಮ್ಮಾ, ಕುದುರೆ ಯಾಕೋ ಸಪ್ಪಗಿದೆಯಲ್ಲ" ಎಂಬ ಒಂದು ವಾಕ್ಯವನ್ನು ಅವಳು ಕಿಟಕಿಯ ಬಳಿ ನಿಂತು ದಿನಕ್ಕೆರಡು ಬಾರಿ ಉಚ್ಚರಿಸುತ್ತಿದ್ದಳು. ಬಾಗಿಲು ತೆರೆದು ಮುಚ್ಚಿದ ಸದ್ದಿನ ಹಿಂದೆಯೇ ಫ್ರಿಜ್ಜು ತೆರೆದ ಸದ್ದು ಕೇಳಿಬರುತ್ತಿತ್ತು.

ನನಗೂ ಏನಾದರೊಂದು ಪಾತ್ರವಿರಲೆಂದು ಒಂದು ಸಂಜೆ ಅಶ್ವಶಾಸ್ತ್ರಜ್ಞ ಶಾಲಿಹೋತ್ರನ ಮಾತನ್ನು ಎತ್ತಿದೆ. ಅಶ್ವವೈದ್ಯವು ನಮ್ಮಲ್ಲಿ ಎಷ್ಟು ಪ್ರಾಚೀನವೆಂದೂ, ನಕುಲನ ಹೆಸರಿನಲ್ಲಿಯೂ ಒಂದು ಶಾಸ್ತ್ರವುಂಟೆಂದೂ, ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿಯೇ ಗೋವೈದ್ಯವನ್ನು ರಚಿಸಿದನೆಂದೂ ಸವಿಸ್ತಾರವಾಗಿ ನಿವೇದಿಸಿದೆ. ಅವರು ಬಜೆ ತೇಯುತ್ತ ಕೊನೆಯವರೆಗೂ ಕೇಳಿ, "ಬರೆದವರೆಲ್ಲ ಗಂಡಸರೇ?" ಎಂದರು. ಅಹುದೆಂದೆ. "ಹಾಗಾದರೆ ಯಾರನ್ನೋ ಕೇಳಿ ಬರೆದಿರುತ್ತಾರೆ" ಎಂದು ತೇಯುವುದನ್ನು ಮುಂದುವರಿಸಿದರು.

ಎರಡನೆಯ ವಾರದಲ್ಲಿ ಮರಿಗೆ ಭೇದಿ ಕಾಣಿಸಿಕೊಂಡಿತು. ಆ ವಯಸ್ಸಿನಲ್ಲಿ ಕುದುರೆಮರಿಗಳಿಗೆ ಇದು ಸಹಜ. ಮರಿ ಚುರುಕಾಗಿದ್ದು ಹಾಲು ಕುಡಿಯುತ್ತಿದ್ದರೆ ಹಿಂಭಾಗವನ್ನು ತೊಳೆದು ಸವರುಮದ್ದು ಹಚ್ಚುವುದರ ವಿನಾ ಬೇರೆ ಉಪಚಾರ ಬೇಡವೆಂದು ಡಾಕ್ಟರು ಫೋನಿನಲ್ಲಿಯೇ ಹೇಳಿದರು. ದಾರಿಹೋಕರೆಲ್ಲ ಬೇಲಿಯ ಬಳಿ ಕಾರು ನಿಲ್ಲಿಸಿ ಫೋಟೋ ತೆಗೆದುದರ ಫಲವೆಂದು ಬೀಗಿತ್ತಿಯವರು ನಿರ್ಣಯಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ನಮ್ಮ ಮನೆಯ ಒಲೆಯಲ್ಲಿ ಹಾಕಲಾಗಿ, ಹೊಗೆ ಸೂಚಿಸುವ ಯಂತ್ರ ಕೂಗಿಕೊಂಡು ಮಗು ಎದ್ದು ಮನೆಯವರೆಲ್ಲರೂ ಕೆಮ್ಮುತ್ತ ಅಂಗಳಕ್ಕೆ ಬಂದೆವು. ಕೆಲವು ದಿನಗಳಲ್ಲಿ ಭೇದಿ ನಿಂತಿತು. ತನ್ನಷ್ಟಕ್ಕೆ ನಿಂತಿತೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಟೀಚರಮ್ಮನವರಂತೂ ಮುಂದಿನ ಬಾರಿ ಎಷ್ಟು ಮೆಣಸಿನಕಾಯಿ ಬೇಕೆಂದು ಬರೆದಿಟ್ಟುಕೊಂಡರು.

ಮುಂದಿನ ಬಾರಿ ಎಂದುದು ಸುಮ್ಮನೆ ಅಲ್ಲ. ಅವರ ಇನ್ನೊಂದು ಕುದುರೆಗೂ ಗರ್ಭವಿದೆ. ಪ್ರವಾಸಿಗಳಿಗೆ ಆ ದೇಶದವರು ಕೊಡುವ ಆರು ತಿಂಗಳ ಅವಧಿ ಮುಗಿದು ಹದಿನೈದು ದಿನಕ್ಕೆ ಅದು ಈಯುವುದೆಂದು ಬೀಗಿತ್ತಿಯವರು ಪಂಚಾಂಗ ನೋಡಿ ಲೆಕ್ಕ ಹಾಕಿ, ವಾಸ್ತವ್ಯವನ್ನು ವಿಸ್ತರಿಸಬೇಕೆಂಬ ಅರ್ಜಿಯನ್ನು ಅಳಿಯನ ಮುಂದಿಟ್ಟರು. ಅವನು ಕಂಪ್ಯೂಟರಿನ ಎದುರು ಕುಳಿತು ಒಂದೊಂದೇ ಅಂಕಣವನ್ನು ತುಂಬುತ್ತ ಬಂದು, ಕಾರಣವನ್ನು ನಮೂದಿಸಬೇಕಾದ ಕಡೆಯಲ್ಲಿ ನಿಂತು, ಏನು ಬರೆಯಲಿ ಅತ್ತೆ ಎಂದು ಕೇಳಿದ.

"ಬಾಣಂತನ ಅಂತ ಬರೆಯಿರಿ."

"ಯಾರದು ಅಂತ ಕೇಳುತ್ತಾರಲ್ಲ?"

"ಅದೆಲ್ಲ ಹೆಂಗಸರ ವಿಷಯ, ಹೇಳುವುದಕ್ಕಾಗುವುದಿಲ್ಲ ಅಂತ ಬರೆಯಿರಿ" ಎಂದು ಹೇಳಿ, ತೌಡಿನ ಬೋಗುಣಿಯನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟುಹೋದರು.