ಮುಳುಗಡೆ ಜಿಲ್ಲೆಯಿಂದ ಆಟೋಅನ್‌ಅಟೆಂಡ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಆಟೋಅನ್‌ಅಟೆಂಡ್.ಎಕ್ಸ್‌ಎಂಎಲ್ ಸಾಹೇಬರು,
ಮೊಕ್ಕಾಂ: ಪೆನ್‌ಡ್ರೈವ್, ಗುತ್ತಿಗೆದಾರರ ಅಂಗಿಯ ಕಿಸೆ.

ಸಾಹೇಬರೆ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಕಂಪ್ಯೂಟರಿಗೆ ಹೊಸ ವಿಂಡೋಸನ್ನು ಯಾರನ್ನೂ ಕೇಳದೆ ತಾನೇ ಹಾಕಿಬಿಡುವ ಕಡತರಾಯರಾದ ನಿಮ್ಮ ಪ್ರವಾಸ ಜೋರಾಗಿದೆ. ಕಚೇರಿ, ಶಾಲೆ, ಸೇವಾ ಕೇಂದ್ರ, ಝೆರಾಕ್ಸ್ ಅಂಗಡಿ, ಯುಎಸ್‌ಬಿ ತೂತು ಕಂಡಲ್ಲೆಲ್ಲ ಇಳಿಯುತ್ತೀರಿ. ಭಾಷೆ ಯಾವುದು, ಸಮಯ ಯಾವ ದೇಶದ್ದು, ಬಳಕೆದಾರನ ಹೆಸರೇನು ಎಂಬುದಕ್ಕೆಲ್ಲ ಉತ್ತರ ಮೊದಲೇ ಬರೆದುಕೊಂಡು ಬರುತ್ತೀರಿ. ಪ್ರಶ್ನೆಪತ್ರಿಕೆ ನಿಮ್ಮದೇ, ಉತ್ತರಪತ್ರಿಕೆಯೂ ನಿಮ್ಮದೇ; ಫೇಲಾಗುವವರು ಮಾತ್ರ ನಾವು.

ನಿಮ್ಮ ಹೊಟ್ಟೆಯೊಳಗೆ ‘ವಿಲ್‌ವೈಪ್‌ಡಿಸ್ಕ್’ ಎಂಬ ಒಂದು ಸಾಲಿದೆ. ಡಿಸ್ಕನ್ನು ಪೂರ್ತಿ ಒರೆಸಬೇಕೋ ಬೇಡವೋ ಎಂಬ ವಿಚಾರ. ಎದುರಿಗೆ ‘ಟ್ರೂ’ ಎಂದಿರುತ್ತದೆ. ಇಷ್ಟು ದೊಡ್ಡ ಮಾತಿಗೆ ಇಷ್ಟು ಚಿಕ್ಕ ಉತ್ತರ ಕೊಟ್ಟವರನ್ನು ನಾವು ಈವರೆಗೆ ಕಂಡಿಲ್ಲ. ಮುಳುಗಡೆಯವರು ಹೇಳುತ್ತಿರುವ ಮಾತಿದು, ತೂಕ ಗಮನಿಸಬೇಕು.

ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಅಣೆಕಟ್ಟಿನಲ್ಲಿ 519.60 ಮೀಟರಿನ ತನಕ ನೀರು ನಿಲ್ಲುವ ಮೊದಲು ಬಾಗಲಕೋಟೆಯ ಮನೆಗಳಿಗೆ ಸರ್ವೇದವರು ಬಂದರು. 1894ರ ಭೂಸ್ವಾಧೀನ ಕಾಯ್ದೆಯ ನಾಲ್ಕನೇ ಕಲಮಿನ ನೋಟಿಸು ಬಂತು. ಐದು-ಎ ಕಲಮಿನಲ್ಲಿ ಆಕ್ಷೇಪಣೆಗೆ 30 ದಿನ ಸಿಕ್ಕಿತು. ಗೋಡೆ, ಬಾಗಿಲು, ಹಿತ್ತಲ ಗಿಡಮರ ಎಲ್ಲ ಕಾಗದಕ್ಕೇರಿದವು. ಪರಿಹಾರ ಸಾಲದೆಂದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಲೆಕ್ಕವಿಲ್ಲ. ಆ ಕಾಯ್ದೆಯನ್ನು ಬೈಯದ ಓಣಿ ನಮ್ಮಲ್ಲಿಲ್ಲ. ಆದರೆ ನಿಮ್ಮ ಕಾರ್ಯವೈಖರಿ ನೋಡಿದ ಮೇಲೆ ಬ್ರಿಟಿಷರ ಆ ಕಾಯ್ದೆ ಎಷ್ಟು ಮೃದು ಹೃದಯದ್ದಾಗಿತ್ತೆಂದು ಕಣ್ಣು ತೇವವಾಗುತ್ತಿದೆ. ಹಳೆ ಊರು ಬಿಟ್ಟವರಿಗೆ ನವನಗರದಲ್ಲಿ ಸೆಕ್ಟರ್ ನಂಬರಾದರೂ ಸಿಕ್ಕಿತು. ಆಪರೇಟರ್ ಚಹಾ ಕುಡಿದು ಬರುವಷ್ಟರಲ್ಲಿ ಇಡೀ ಊರು ಮುಳುಗಿಸಿ ನೀವು ಕೈಗಿಡುವುದು ನೀಲಿ ಹೂವಿನ ಒಂದು ಖಾಲಿ ಪರದೆ.

ಅಂಥದ್ದೇನು ಹೋಯಿತು ಎಂದು ನೀವು ಕೇಳಬಹುದು. (ಕೇಳುವುದಿಲ್ಲ, ಗೊತ್ತು.)

ಕುಕಿಗಳು ಹೋದದ್ದಕ್ಕೆ ನಾವು ಎದೆ ಬಡಿದುಕೊಳ್ಳುತ್ತಿಲ್ಲ. 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲ್ಲಿ ಅವನ್ನು ಹುಟ್ಟಿಸಿದ್ದು, ಬಂದವನ ಗುರುತು ತಾಣಕ್ಕೆ ಉಳಿಯಲಿ ಎಂದು. ಈಗ ಅವುಗಳಲ್ಲಿ ಬಹಳಷ್ಟಕ್ಕೆ ಜಾಹೀರಾತಿನವರ ಬಳಿ ಚಾಡಿ ಹೇಳುವುದೇ ಉದ್ಯೋಗ. ಬ್ಯಾಂಕಿನ ಕುಕಿಯಂತೂ ಅಲ್ಪಾಯುಷಿ. ಹೊಟ್ಟೆ ಉರಿಯುವುದು ಬ್ರೌಸರಿನಲ್ಲಿದ್ದ ಆಯ್ಕೆಗಳಿಗಾಗಿ. ಹೆಬ್ಬೆಟ್ಟಿನ ಯಂತ್ರದೊಡನೆ ಮಾತಾಡಲು ಯಾವ ತಾಣಕ್ಕೆ ಅಪ್ಪಣೆ ಕೊಡಬೇಕು, ಪಾಪ್‌ಅಪ್ ಎಲ್ಲಿ ಬಿಡಬೇಕು ಎಲ್ಲಿ ತಡೆಯಬೇಕು, ಯಾವ ಮುದಿ ತಾಣಕ್ಕೆ ಎಡ್ಜ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನ ವೇಷ ತೊಡಿಸಬೇಕು, ಪಹಣಿಯ ಪಿಡಿಎಫ್ ಯಾವ ಫೋಲ್ಡರಿಗೆ ಇಳಿಯಬೇಕು, ಭೂಮಿ, ಕಾವೇರಿ, ನಾಡಕಚೇರಿ, ಸೇವಾ ಸಿಂಧು ಎಂಬ ಸರ್ಕಾರಿ ತಾಣಗಳು ಯಾವ ಕ್ರಮದಲ್ಲಿ ಬುಕ್‌ಮಾರ್ಕ್ ಪಟ್ಟಿಯಲ್ಲಿ ಕೂತಿರಬೇಕು. ಇದನ್ನು ಯಾವ ತರಬೇತಿಯೂ ಕಲಿಸಿಲ್ಲ. ಸಾಲಿನಲ್ಲಿ ನಿಂತ ಮಂದಿಯಿಂದ ಬೈಸಿಕೊಳ್ಳುತ್ತ ಆಪರೇಟರ್ ಹುಡುಗಿ ಒಂದೊಂದಾಗಿ ಹೊಂದಿಸಿಟ್ಟದ್ದು ಅದು. ನೀವು ಬಂದುಹೋದ ಮರುದಿನ ಜಾತಿ ಪ್ರಮಾಣಪತ್ರಕ್ಕೆ ಬಂದ ಮುದುಕಿಗೆ ಆಕೆ ಹೇಳುತ್ತಾಳೆ: “ಸರ್ವರ್ ಡೌನ್ ಐತಿ ಬೇ ಆಯಿ, ನಾಳಿ ಬಾ.” ಸರ್ವರ್ ಗಟ್ಟಿಮುಟ್ಟಾಗಿದೆ. ಇಲ್ಲದ್ದು ಒಂದು ಟಿಕ್ ಗುರುತು.

ದಂಡೆತ್ತಿ ಬಂದವನೂ ನಿಮ್ಮಂತೆ ಒರೆಸಿರಲಿಲ್ಲ. ನಮ್ಮ ಜಿಲ್ಲೆಯ ಬಾದಾಮಿಗೆ 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ದಂಡೆತ್ತಿ ಬಂದ. ಇಮ್ಮಡಿ ಪುಲಕೇಶಿ ಸೋತ, ರಾಜಧಾನಿ ಕೈಬಿಟ್ಟಿತು, ಗೆದ್ದವನು ತನ್ನ ಶಾಸನವನ್ನು ಅಲ್ಲೇ ಬಂಡೆಯ ಮೇಲೆ ಕೆತ್ತಿಸಿದ. ಆದರೂ ಮೊದಲನೇ ಪುಲಕೇಶಿಯ 543ರ ಬಂಡೆಬರಹ ಉಳಿದಿದೆ, ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನ ಉಳಿದಿದೆ. ಹಗೆ ತೀರಿಸಲು ಬಂದವನೇ ಹಿಂದಿನವರ ಪ್ರೊಫೈಲ್ ಫೋಲ್ಡರಿಗೆ ಕೈ ಹಚ್ಚಲಿಲ್ಲ. ನಿಮಗೆ ನಮ್ಮ ಮೇಲೆ ಹಗೆಯೂ ಇಲ್ಲ, ಟೆಂಡರಿನಲ್ಲಿ ಬಂದವರು.

ಉಳಿಸುವ ದಾರಿ ಇಲ್ಲವೆನ್ನಬೇಡಿ. ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಹೋಗಿ ಬನ್ನಿ. ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯ ಸ್ಥಳವನ್ನು ನೀರಿಗೆ ಬಿಟ್ಟು ‘ಇನ್‌ಸ್ಟಾಲೇಷನ್ ಯಶಸ್ವಿ’ ಎಂದು ಯಾರೂ ಬೋರ್ಡು ಹಾಕಲಿಲ್ಲ. ಸುತ್ತ ಬಾವಿಯಂತೆ ಗೋಡೆ ಎತ್ತರಿಸಿದರು, ಭಕ್ತರು ಈಗಲೂ ಮೆಟ್ಟಿಲಿಳಿದು ಹೋಗುತ್ತಾರೆ. ನಿಮ್ಮ ಬಂಧು, ಲಿನಕ್ಸಿನ ಕಿಕ್‌ಸ್ಟಾರ್ಟ್, ಇದನ್ನು ಬಲ್ಲ: ಹೋಮ್ ವಿಭಾಗ ಬೇರೆಯಿದ್ದರೆ ‘ನೋಫಾರ್ಮ್ಯಾಟ್’ ಎಂಬ ಒಂದೇ ಮಾತಿಗೆ ಅದರ ಸುತ್ತ ಗೋಡೆ ಏಳುತ್ತದೆ. ನಿಮ್ಮ ಮನೆಯಲ್ಲೇ ಸ್ಕ್ಯಾನ್‌ಸ್ಟೇಟ್, ಲೋಡ್‌ಸ್ಟೇಟ್ ಎಂಬ ಇಬ್ಬರು ಹಮಾಲರಿದ್ದಾರೆ. ಒಬ್ಬ ಹಳೆ ಮನೆಯ ಗಂಟು ಕಟ್ಟುತ್ತಾನೆ, ಇನ್ನೊಬ್ಬ ಹೊಸ ಮನೆಯಲ್ಲಿ ಬಿಚ್ಚುತ್ತಾನೆ. ಅವರನ್ನು ಕರೆಯುವುದಿಲ್ಲ, ಏಕೆಂದರೆ ಬಿಲ್ಲು ಆಗುವುದು ಕಂಪ್ಯೂಟರಿನ ಲೆಕ್ಕಕ್ಕೆ, ಉಳಿದ ಆಯ್ಕೆಗಳ ಲೆಕ್ಕಕ್ಕಲ್ಲ.

ಇಳಕಲ್ಲಿನ ನೇಕಾರರೂ ಕಲಿಸಬಲ್ಲರು. ಸೀರೆಯ ಮೈಗೆ ಒಂದು ಹಾಸು, ತೋಪ್ ತೆನಿ ಸೆರಗಿನ ರೇಷ್ಮೆಗೆ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಫೈರ್‌ಫಾಕ್ಸ್‌ಗೆ ಹೀಗೆ ಕೊಂಡಿ ಹಾಕುವುದು ಸುಲಭ. ಬ್ರೌಸರ್ ಮುಚ್ಚಿ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ಎತ್ತಿಟ್ಟರೆ ಸಾಕು: ಕುಕಿ, ಬುಕ್‌ಮಾರ್ಕ್, ಅನುಮತಿ, ಆಯ್ಕೆ ಎಲ್ಲ ಅದರಲ್ಲೇ. ಕ್ರೋಮ್ ಬಿಗುಮಾನದ್ದು. ಅದರ ಕುಕಿ, ಪಾಸ್‌ವರ್ಡ್‌ಗಳ ಬೀಗದ ಕೈ ಹಳೆಯ ವಿಂಡೋಸ್ ಖಾತೆಯ ಸೊಂಟದಲ್ಲಿರುತ್ತದೆ. ಖಾತೆಯನ್ನೇ ಒರೆಸಿದ ಮೇಲೆ ಎತ್ತಿಟ್ಟ ಪೆಟ್ಟಿಗೆ ತೆರೆಯುವುದಿಲ್ಲ. ಬುಕ್‌ಮಾರ್ಕ್ ಮುಂತಾದವು ಬೀಗವಿಲ್ಲದೆ ಬರುತ್ತವೆ.

ನಿಮ್ಮ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಫೈರ್‌ಫಾಕ್ಸಿನಿಂದ ಹೀಗೆ ಎತ್ತಿಟ್ಟ ಗಂಟು ಅಂಗಡಿಯ ಗಲ್ಲಾದಲ್ಲಿ ಬಿದ್ದಿದ್ದರೆ, ಕೈಗೆ ಸಿಕ್ಕವನು ಪಾಸ್‌ವರ್ಡ್ ಕೇಳದೆಯೇ ನಮ್ಮ ಹೆಸರಿನಲ್ಲಿ ಒಳಗೆ ಹೋಗಬಹುದು. ಹತ್ತು ಮಂದಿ ಕೂರುವ ಕುರ್ಚಿಯ ಕಂಪ್ಯೂಟರಿನಲ್ಲಿ ಲಾಗಿನ್ ಕುಕಿಗಳನ್ನು ನೀವು ಒರೆಸಿದ್ದು ಪುಣ್ಯದ ಕೆಲಸವೇ. ಆದರೆ ಅದನ್ನು ವಿಚಾರ ಮಾಡಿ ಮಾಡಿದಿರಿ ಎಂದು ನಂಬುವಷ್ಟು ಮುಗ್ಧರು ಕೃಷ್ಣೆಯ ದಂಡೆಯಲ್ಲಿ ಉಳಿದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಒರೆಸುವ ಮೊದಲು ನೋಟಿಸು ಕೊಡಿ. 30 ದಿನ ಬೇಡ, ಒಂದು ಮಧ್ಯಾಹ್ನ ಸಾಕು. ಆ ಕುರ್ಚಿಯ ಮೇಲೆ ಕೂರುವವಳನ್ನು ಕರೆದು, ಏನಿಡಬೇಕು, ಏನು ಬಿಡಬೇಕು ಎಂದು ಪಂಚನಾಮೆ ಬರೆಸಿ. ಆಮೇಲೆ ಬೇಕಾದರೆ ನಿಮ್ಮ ‘ಟ್ರೂ’ ನಡೆಯಲಿ.

ಈ ಪತ್ರದ ಪ್ರತಿಯನ್ನು ಡಿ ಡ್ರೈವಿನಲ್ಲಿ ಜೋಪಾನ ಮಾಡೋಣವೆಂದರೆ ಅದಿರುವುದೂ ಅದೇ ಡಿಸ್ಕಿನ ಮೇಲೆ. ಒರೆಸುವಾಗ ನೀವು ಸಿ, ಡಿ ಎಂದು ಪಂಕ್ತಿಭೇದ ಮಾಡುವವರಲ್ಲ. ಹಾಗಾಗಿ ಪ್ರಿಂಟರಿನ ಡ್ರೈವರ್ ಇನ್ನೂ ಉಸಿರಾಡುತ್ತಿರುವಾಗಲೇ ಎರಡು ಪ್ರತಿ ತೆಗೆದಿದ್ದೇವೆ. ಒಂದು ನಿಮ್ಮ ಗುತ್ತಿಗೆದಾರರಿಗೆ, ಇನ್ನೊಂದು ಸೇವಾ ಕೇಂದ್ರದ ಗೋಡೆಗೆ.

ಇತಿ,
ಸಾಲಿನಲ್ಲಿ ನಿಂತವರು,
ಬಾಗಲಕೋಟೆ ಜಿಲ್ಲೆ